ಹೊಸೂರು ಸೀಮೆಯಲ್ಲಿ ಸೈಕಲ್ ದಾರಿ ಹುಡುಕಲು ಮೂರು ನಕ್ಷೆ ಸೇವೆಗಳು: ಬಳಸಿ ಕಂಡದ್ದು

ಬೆಂಗಳೂರಿನ ಸುತ್ತ ರೋಡ್ ಸೈಕಲ್, ಅಂದರೆ ಡಾಂಬರು ರಸ್ತೆಗೆಂದೇ ಇರುವ ತೆಳ್ಳನೆಯ ಟೈರಿನ ಸೈಕಲ್, ತುಳಿಯಲು ಒಳ್ಳೆಯ ದಾರಿ ಯಾವುದು ಎಂದು ಯಾರನ್ನಾದರೂ ಕೇಳಿದರೆ ಮೊದಲು ಬರುವ ಹೆಸರು ನಂದಿಬೆಟ್ಟ. ನಗರದ ಉತ್ತರಕ್ಕಿರುವ ಆ ಬೆಟ್ಟದ ಏರು ಸವಾರರಿಗೆ ಒಂದು ಪರೀಕ್ಷೆಯಂತೆ ಆಗಿಹೋಗಿದೆ. ನಾನು ಇರುವುದು ನಗರದ ಇನ್ನೊಂದು ಬದಿಯಲ್ಲಿ, ಅತ್ತಿಬೆಲೆ ದಾಟಿ ತಮಿಳುನಾಡಿಗೆ ಕಾಲಿಟ್ಟ ಕೂಡಲೇ ಸಿಗುವ ಹೊಸೂರಿನಲ್ಲಿ. ಇಲ್ಲಿಂದ ನಂದಿಬೆಟ್ಟಕ್ಕೆ ಹೋಗಬೇಕಾದರೆ ಇಡೀ ಬೆಂಗಳೂರನ್ನು ಸೀಳಿಕೊಂಡು ಹೋಗಬೇಕು, ಹಾಗಾಗಿ ಇಲ್ಲಿನ ಸವಾರರು ತಮ್ಮ ದಾರಿಗಳನ್ನು ತಾವೇ ಹುಡುಕಿಕೊಳ್ಳಬೇಕಾಗುತ್ತದೆ. ಕಳೆದ ಎರಡು ವರ್ಷಗಳಿಂದ ಈ ಹುಡುಕಾಟಕ್ಕೆ ನಾನು ಬಳಸುತ್ತಿರುವ ಮೂರು ಸೇವೆಗಳನ್ನು, ಅಂದರೆ ಸ್ಟ್ರಾವಾದ ಹೀಟ್‌ಮ್ಯಾಪ್, ಕೊಮೂಟ್ ಮತ್ತು ಬ್ರೌಟರ್ ಎಂಬ ಉಚಿತ ಜಾಲತಾಣವನ್ನು, ಹೊಸೂರು, ಡೆಂಕಣಿಕೋಟೆ, ತಳಿ ಮತ್ತು ಆನೇಕಲ್ ಭಾಗದ ರಸ್ತೆಗಳ ಮೇಲೆ ಒರೆಗೆ ಹಚ್ಚಿ ನೋಡಿದಾಗ ಏನು ಕಂಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ಟ್ರಾವಾ. 2009ರಲ್ಲಿ ಆರಂಭವಾದ ಈ ಸೇವೆಯನ್ನು ಬಹುತೇಕ ಸವಾರರು ತಾವು ತುಳಿದ ದೂರವನ್ನು ದಾಖಲಿಸಲು ಬಳಸುತ್ತಾರೆ. ಸವಾರರು ಸಾರ್ವಜನಿಕವಾಗಿ ಹಂಚಿಕೊಂಡ ದಾಖಲೆಗಳನ್ನೆಲ್ಲ ಒಂದರ ಮೇಲೊಂದು ಹಾಸಿ, ಹೆಚ್ಚು ಸವಾರರು ಹೋದ ರಸ್ತೆಯನ್ನು ಹೆಚ್ಚು ಹೊಳೆಯುವಂತೆ ತೋರಿಸುವ ನಕ್ಷೆಯೇ ಹೀಟ್‌ಮ್ಯಾಪ್. ಇದನ್ನು ಕಂಪ್ಯೂಟರಿನಲ್ಲಿ ಹಣ ಕೊಡದೆ ನೋಡಬಹುದು. ಆದರೆ ಅದೇ ಸೇವೆಯಲ್ಲಿ ಮಾರ್ಗವನ್ನು ಬರೆದು ಉಳಿಸಿಕೊಳ್ಳುವ ಸೌಲಭ್ಯ 2020ರಿಂದ ಚಂದಾದಾರರಿಗೆ ಮಾತ್ರ. ಬೆಂಗಳೂರಿನ ಉತ್ತರ ಭಾಗವನ್ನು ಈ ನಕ್ಷೆಯಲ್ಲಿ ತೆರೆದರೆ ಕೆಂಡದ ಮೇಲಿನ ಬೂದಿ ಕೊಡವಿದಂತೆ ಕಾಣುತ್ತದೆ. ದಕ್ಷಿಣಕ್ಕೆ ಸರಿಸುತ್ತ ಬಂದರೆ ಅತ್ತಿಬೆಲೆಯ ನಂತರ 44ನೇ ರಾಷ್ಟ್ರೀಯ ಹೆದ್ದಾರಿ ಮಾತ್ರ ಗಟ್ಟಿಯಾಗಿ ಉಳಿದು, ಅದರ ಎರಡೂ ಬದಿಯ ಹಳ್ಳಿ ರಸ್ತೆಗಳು ಎಳೆ ಎಳೆಯಾಗಿ ಮಂಕಾಗುತ್ತವೆ. ಹೊಸಬರು ಇದನ್ನು ನೋಡಿ, ಹೊಸೂರಿನ ಕಡೆ ಸೈಕಲ್‌ಗೆ ಯೋಗ್ಯವಾದದ್ದು ಹೆದ್ದಾರಿಯೊಂದೇ ಎಂದು ತಿಳಿದುಕೊಳ್ಳುತ್ತಾರೆ. ನಾನೂ ಮೊದಲ ನಾಲ್ಕೈದು ತಿಂಗಳು ಹಾಗೆಯೇ ತಿಳಿದು, ಲಾರಿಗಳ ಗಾಳಿಯ ಹೊಡೆತ ತಿನ್ನುತ್ತ ಶೂಳಗಿರಿಯ ಕಡೆಗೆ ಹೋಗಿ ಬಂದೆ.

ಈ ತಿಳಿವಳಿಕೆ ತಪ್ಪು ಎಂಬುದು ಮನದಟ್ಟಾದದ್ದು ಒಂದು ಸೋಮವಾರ ಬೆಳಿಗ್ಗೆ ಕೆಲಮಂಗಲದ ದಾರಿಯಲ್ಲಿ. ತಮಿಳುನಾಡು ಸರ್ಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಹನ್ನೊಂದನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುತ್ತದೆ. ಆ ಸೈಕಲ್‌ಗಳ ಮೇಲೆ ಇಬ್ಬರು, ಮೂವರು ಜೊತೆಯಾಗಿ ಶಾಲೆಗೆ ಹೋಗುತ್ತಿದ್ದ ಹುಡುಗ ಹುಡುಗಿಯರನ್ನು ಒಂದು ಗಂಟೆಯ ಅವಧಿಯಲ್ಲಿ ನಾನು ಎಣಿಸುತ್ತ ಹೋಗಿ, ಲೆಕ್ಕ ತಪ್ಪಿ ನಿಲ್ಲಿಸಿದೆ. ಹಾಲಿನ ಕ್ಯಾನ್ ಕಟ್ಟಿಕೊಂಡವರು, ಹುಲ್ಲಿನ ಹೊರೆ ಹೇರಿಕೊಂಡವರು ಬೇರೆ. ದಿನವೂ ಅಷ್ಟು ಸೈಕಲ್ ಓಡಾಡುವ ಆ ರಸ್ತೆ ಹೀಟ್‌ಮ್ಯಾಪಿನಲ್ಲಿ ಹೆಚ್ಚುಕಡಿಮೆ ಕತ್ತಲೆ. ಗಡಿಯ ಆಚೆಗೂ ಇದೇ ಕತೆ: ಕರ್ನಾಟಕದಲ್ಲಿ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಎಷ್ಟು ಹಳ್ಳಿ ರಸ್ತೆಗಳು ಸೈಕಲ್ ರಸ್ತೆಗಳಾದವೋ, ಅವುಗಳಲ್ಲಿ ಒಂದೂ ಆ ಕಾರಣಕ್ಕೆ ಈ ನಕ್ಷೆಯಲ್ಲಿ ಹೊಳೆಯುವುದಿಲ್ಲ. ಸವಾರಿಯನ್ನು ದಾಖಲಿಸುವ ಫೋನು, ಗಡಿಯಾರ ಅಥವಾ ಜಿಪಿಎಸ್ ಸಾಧನ ಇಟ್ಟುಕೊಂಡವರು ಎಲ್ಲಿ ವಾಸಿಸುತ್ತಾರೆ, ಬಿಡುವಿನ ದಿನ ಎತ್ತ ಕಡೆ ಹೋಗುತ್ತಾರೆ ಎಂಬುದನ್ನು ಹೀಟ್‌ಮ್ಯಾಪ್ ಹೇಳುತ್ತದೆ. ರಸ್ತೆ ಚೆನ್ನಾಗಿದೆಯೇ ಇಲ್ಲವೇ ಎಂಬುದು ಅದರ ವಿಷಯವೇ ಅಲ್ಲ.

2018ರ ಜನವರಿಯಲ್ಲಿ ಇದೇ ನಕ್ಷೆ ಜಗತ್ತಿನಾದ್ಯಂತ ಸುದ್ದಿಯಾದದ್ದು ಕೂಡ ಈ ಕಾರಣದಿಂದಲೇ. ಸುತ್ತ ಏನೂ ಕಾಣದ ಮರುಭೂಮಿಯ ನಡುವೆ ವಿದೇಶಿ ಸೈನಿಕ ನೆಲೆಗಳು ದೀಪ ಹಚ್ಚಿದಂತೆ ಕಾಣಿಸಿಕೊಂಡವು. ಆ ಪ್ರದೇಶದಲ್ಲಿ ಜನರೇ ಇರಲಿಲ್ಲ ಎಂದಲ್ಲ. ಓಟವನ್ನು ದಾಖಲಿಸುವ ಸಾಧನ ಕಟ್ಟಿಕೊಂಡವರು ಆ ನೆಲೆಗಳೊಳಗೆ ಇದ್ದರು, ಹೊರಗಿನ ಹಳ್ಳಿಗಳಲ್ಲಿ ಇರಲಿಲ್ಲ. ಅದನ್ನು ಓದಿದ್ದ ನನಗೆ ಅದರ ಅರ್ಥ ಪೂರ್ತಿ ಆದದ್ದು ಕೆಲಮಂಗಲದ ರಸ್ತೆಯಲ್ಲಿ.

ಹಾಗೆಂದು ಹೀಟ್‌ಮ್ಯಾಪ್ ನಿರುಪಯೋಗಿ ಎನ್ನಲಾರೆ. ಹೊಳೆಯುವ ರಸ್ತೆ ನಿಶ್ಚಯವಾಗಿಯೂ ಸೈಕಲ್ ಹೋಗುವ ರಸ್ತೆ. ಮಂಕಾದ ರಸ್ತೆಯ ಬಗ್ಗೆ ಮಾತ್ರ ಅದು ಮೌನವಾಗಿದೆ ಎಂದು ತಿಳಿಯಬೇಕು. ಇನ್ನೊಂದು ಉಪಯೋಗವೂ ಇದೆ. ಮಂಕಾದ ಎಳೆಯೊಂದು ಎಲ್ಲಿಯೂ ತುಂಡಾಗದೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಿದ್ದರೆ, ಯಾರೋ ಒಬ್ಬರಾದರೂ ಆ ದಾರಿಯಲ್ಲಿ ಪೂರ್ತಿ ಹೋಗಿ ತಲುಪಿದ್ದಾರೆ ಎಂದಾಯಿತು. ಎಳೆ ನಡುವೆ ತುಂಡಾಗಿದ್ದರೆ ಅಲ್ಲಿ ಗೇಟು, ಹಳ್ಳ ಅಥವಾ ಖಾಸಗಿ ತೋಟ ಇರುವ ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡಬೇಕು. ಹಸಿರುಮನೆಗಳಲ್ಲಿ ಗುಲಾಬಿ ಬೆಳೆಯುವ ತೋಟಗಳು ನಮ್ಮ ಕಡೆ ಬಹಳ ಇರುವುದರಿಂದ ಈ ಎಚ್ಚರ ಅಗತ್ಯ.

ಎರಡನೆಯದು ಕೊಮೂಟ್. 2010ರಲ್ಲಿ ಜರ್ಮನಿಯಲ್ಲಿ ಸ್ಥಾಪನೆಯಾದ ಈ ಸೇವೆ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ಮಾಹಿತಿಯ ಮೇಲೆ ನಿಂತಿದೆ. ರೋಡ್ ಸೈಕಲ್, ಸಾಧಾರಣ ಸೈಕಲ್, ಜಲ್ಲಿ ದಾರಿಯ ಸೈಕಲ್ ಎಂದು ಬೇರೆ ಬೇರೆಯಾಗಿ ಆರಿಸಿಕೊಳ್ಳಲು ಇದರಲ್ಲಿ ಅವಕಾಶವಿದೆ, ಮತ್ತು ಆರಿಸಿದ್ದಕ್ಕೆ ತಕ್ಕಂತೆ ಮಾರ್ಗ ಬದಲಾಗುತ್ತದೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಮಾರ್ಗದ ಮೇಲ್ಮೈಯನ್ನು ಕಿಲೋಮೀಟರುಗಳ ಲೆಕ್ಕದಲ್ಲಿ ವಿಂಗಡಿಸಿ ಕೊಡುವ ಪಟ್ಟಿ: ಇಷ್ಟು ಡಾಂಬರು, ಇಷ್ಟು ಕಚ್ಚಾ ರಸ್ತೆ, ಇಷ್ಟು ಗೊತ್ತಿಲ್ಲ. ಈ ಕೊನೆಯ ಸಾಲನ್ನು ನಾನು ಬಹಳ ಗೌರವಿಸುತ್ತೇನೆ. ಹೊಸೂರು ತಾಲ್ಲೂಕಿನಲ್ಲಿ ಎಪ್ಪತ್ತು, ಎಂಬತ್ತು ಕಿಲೋಮೀಟರಿನ ಮಾರ್ಗ ಬರೆದರೆ ಗೊತ್ತಿಲ್ಲ ಎಂಬ ಭಾಗವೇ ದೊಡ್ಡದಾಗಿ ಬಂದದ್ದುಂಟು. ಅದನ್ನು ನೋಡಿದ ಮೇಲೆ ಎಷ್ಟು ಭಾಗವನ್ನು ನಾವೇ ವಿಚಾರಿಸಬೇಕು ಎಂಬುದು ಸ್ಪಷ್ಟವಾಗುತ್ತದೆ. ಊಹೆಯನ್ನೇ ಸತ್ಯವೆಂಬಂತೆ ತೋರಿಸುವ ನಕ್ಷೆಗಿಂತ ಇದು ಹೆಚ್ಚು ನೆರವಾಗುತ್ತದೆ. ಸವಾರರು ಗುರುತಿಸಿದ ವಿಶೇಷ ಸ್ಥಳಗಳ ಪಟ್ಟಿ ಯುರೋಪಿನಲ್ಲಿ ಸಮೃದ್ಧವಾಗಿದ್ದರೂ ನಮ್ಮ ಭಾಗದಲ್ಲಿ ವಿರಳ, ಆದ್ದರಿಂದ ಅದನ್ನು ನಂಬಿ ಇದನ್ನು ಆರಿಸುವ ಕಾರಣವಿಲ್ಲ.

ಮೂರನೆಯ ಬ್ರೌಟರ್ ನೋಡಲು ಅಂದವಾಗಿಲ್ಲ, ಜಾಹೀರಾತಿಲ್ಲ, ಖಾತೆ ತೆರೆಯಬೇಕಾಗಿಲ್ಲ, ಹಣ ಕೊಡಬೇಕಾಗಿಲ್ಲ. ಇದೂ ಓಪನ್‌ಸ್ಟ್ರೀಟ್‌ಮ್ಯಾಪಿನ ಮೇಲೆಯೇ ನಡೆಯುತ್ತದೆ. ಹೊರಡುವ ಊರು, ತಲುಪುವ ಊರು ಒತ್ತಿ, ಸವಾರಿಯ ಬಗೆಯನ್ನು ಆರಿಸಿದರೆ ಮಾರ್ಗ ಸಿದ್ಧ. ರೋಡ್ ಸೈಕಲ್‌ಗಾಗಿ ಫಾಸ್ಟ್‌ಬೈಕ್ ಎಂಬ ಬಗೆ ಇದೆ, ಅದರಲ್ಲಿಯೇ ವಾಹನ ಸಂಚಾರ ಕಡಿಮೆ ಇರುವ ರಸ್ತೆಗೆ ಒತ್ತು ಕೊಡುವ ಇನ್ನೊಂದು ಬಗೆಯೂ ಇದೆ. ನಮ್ಮ ಭಾಗಕ್ಕೆ ಹೊಂದುವುದು ಈ ಎರಡನೆಯದೇ, ಏಕೆಂದರೆ ಮೊದಲನೆಯದು ಅವಕಾಶ ಸಿಕ್ಕಲ್ಲೆಲ್ಲ ದೊಡ್ಡ ರಸ್ತೆಗೆ ಎಳೆಯುತ್ತದೆ. ಎಳೆಯುವ ರೇಖೆಯನ್ನು ನಡುವೆ ಹಿಡಿದು ಬೇಕಾದ ಹಳ್ಳಿಯ ಮೇಲೆ ಹಾಯಿಸಬಹುದು, ಮುಗಿದ ಮೇಲೆ ಜಿಪಿಎಕ್ಸ್ ಎಂಬ, ಮಾರ್ಗವನ್ನು ಹಿಡಿದಿಡುವ ಕಡತವಾಗಿ ಇಳಿಸಿಕೊಂಡು ಸೈಕಲ್ ಕಂಪ್ಯೂಟರಿಗೋ ಫೋನಿಗೋ ಹಾಕಿಕೊಳ್ಳಬಹುದು.

ಆದರೆ ನಾನು ಇದನ್ನು ಉಳಿದೆರಡಕ್ಕಿಂತ ಮೇಲೆ ಇಡುವುದು ಒಂದೇ ಒಂದು ಸೌಲಭ್ಯಕ್ಕಾಗಿ. ನಕ್ಷೆಯ ಮೇಲೆ ನಾವು ಹೋಗಬಾರದ ಜಾಗವನ್ನು ಒಂದು ವೃತ್ತವಾಗಿಯೋ ಬೇಲಿಯಾಗಿಯೋ ಬರೆದುಬಿಟ್ಟರೆ, ನಂತರ ಎಷ್ಟು ಮಾರ್ಗ ಕೇಳಿದರೂ ಅದು ಆ ಜಾಗವನ್ನು ಸುತ್ತಿಕೊಂಡೇ ಹೋಗುತ್ತದೆ. ನಮ್ಮ ಭಾಗದಲ್ಲಿ ಇದು ಜೀವರಕ್ಷಣೆಯ ಮಾತು. ಬನ್ನೇರುಘಟ್ಟದ ಕಾಡಿನಿಂದ ಜವಳಗಿರಿಯ ಮೂಲಕ ಹೊಸೂರಿನ ಕಡೆಗೆ ಆನೆಗಳು ವರ್ಷಾ ವರ್ಷ ಬರುತ್ತವೆ. ರಾಗಿ ತೆನೆ ಕಟ್ಟುವ ಕಾಲದಿಂದ ಒಕ್ಕಣೆ ಮುಗಿಯುವವರೆಗೆ, ಸರಿಸುಮಾರು ಅಕ್ಟೋಬರ್‌ನಿಂದ ಫೆಬ್ರವರಿವರೆಗೆ, ಜವಳಗಿರಿ ಮತ್ತು ಸಾನಮಾವು ಕಾಡುಗಳ ಅಂಚಿನ ರಸ್ತೆಗಳಲ್ಲಿ ಮುಂಜಾವ ಹಾಗೂ ಮುಸ್ಸಂಜೆ ಸೈಕಲ್ ತುಳಿಯಬಾರದು. ಇಲ್ಲಿನ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಗರದಿಂದ ಬರುವ ಸವಾರನಿಗೆ ಡಾಂಬರು ನುಣುಪಾದ, ವಾಹನಗಳಿಲ್ಲದ, ಎರಡೂ ಬದಿ ಮರಗಳಿರುವ ಆ ರಸ್ತೆಯೇ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ, ಮತ್ತು ಬಿಸಿಲು ತಪ್ಪಿಸಲು ಅವನು ಹೊರಡುವ ಹೊತ್ತೂ ಆನೆ ಹೊಲದಿಂದ ಕಾಡಿಗೆ ಮರಳುವ ಹೊತ್ತೂ ಒಂದೇ. ನಾನು ನೋಡಿದ ಯಾವ ಮಾರ್ಗ ಸೇವೆಯೂ ತಾನಾಗಿ ಇದನ್ನು ಎಚ್ಚರಿಸುವುದಿಲ್ಲ. ಬ್ರೌಟರ್‌ನಲ್ಲಿ ನಾನು ಆ ಎರಡು ಕಾಡುಗಳ ಮೇಲೆ ಬೇಲಿ ಬರೆದಿಟ್ಟುಕೊಂಡಿದ್ದೇನೆ. ಮಾರ್ಚ್ ಬಂದ ಮೇಲೆ ಅರಣ್ಯದಂಚಿನ ಊರುಗಳಲ್ಲಿ ವಿಚಾರಿಸಿಯೇ ಅದನ್ನು ತೆಗೆಯುತ್ತೇನೆ. ಹೊಸೂರಿನಿಂದ ಕೃಷ್ಣಗಿರಿಯವರೆಗಿನ ಹೆದ್ದಾರಿಗೂ ಒಂದು ಬೇಲಿ ಇದೆ, ಅದು ವರ್ಷವಿಡೀ ಇರುತ್ತದೆ.

ಡೆಂಕಣಿಕೋಟೆಯಿಂದ ಅಂಚೆಟ್ಟಿ ಮೇಲೆ ಹೊಗೆನಕಲ್ಲಿಗೆ ಇಳಿಯುವ ದಾರಿಯ ಬಗ್ಗೆ ಹಲವರು ಕೇಳುತ್ತಾರೆ. ಚೆಂದದ ದಾರಿ, ಆದರೆ ಅದು ದಟ್ಟ ಆನೆ ಕಾಡಿನ ದಾರಿ. ಒಬ್ಬರೇ ಹೋಗುವುದು ಯಾವ ಋತುವಿನಲ್ಲಿಯೂ ಬೇಡ.

ಏರಿಳಿತದ ಲೆಕ್ಕಕ್ಕೆ ಬಂದರೆ ಬ್ರೌಟರ್ ಬಳಸುವುದು 2000ರ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ಎತ್ತರದ ಮಾಹಿತಿಯನ್ನು. ನೆಲವನ್ನು ಚೌಕಗಳಾಗಿ ಮಾಡಿ ಒಂದೊಂದು ಚೌಕಕ್ಕೆ ಒಂದು ಎತ್ತರ ಎಂದು ಇಟ್ಟಿರುವುದರಿಂದ, ರಸ್ತೆಗಾಗಿ ಗುಡ್ಡ ಕಡಿದ ಜಾಗ, ಸೇತುವೆ, ಕೆರೆ ಏರಿ ಇಂಥವುಗಳ ಸಣ್ಣ ಲೆಕ್ಕ ತಪ್ಪುತ್ತದೆ. ದೊಡ್ಡ ಲೆಕ್ಕ ಸರಿಯಾಗಿಯೇ ಬರುತ್ತದೆ, ಮತ್ತು ಸವಾರನಿಗೆ ಬೇಕಾದದ್ದು ಅದೇ. ಹೊಸೂರು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 900 ಮೀಟರ್ ಎತ್ತರದಲ್ಲಿದೆ, ಕೃಷ್ಣಗಿರಿ 500 ಮೀಟರಿನ ಆಸುಪಾಸಿನಲ್ಲಿದೆ. ನಡುವಿನ ದೂರ 50 ಕಿಲೋಮೀಟರಿಗೆ ಸಮೀಪ. ಪೂರ್ವಕ್ಕೆ ಹೋಗುವಾಗ ಕಾಲು ತಾನಾಗಿ ತಿರುಗುತ್ತದೆ, ನಾವು ಬಲಶಾಲಿಗಳು ಎಂಬ ಭಾವನೆ ಬರುತ್ತದೆ. ಮರಳುವಾಗ ಬಿಸಿಲೇರಿರುತ್ತದೆ, ನೆಲವೂ ಏರುತ್ತದೆ. ಆಷಾಢದಲ್ಲಾದರೆ ಇದರ ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ಎದೆಗೆ ಒದೆಯುತ್ತದೆ. ಆದ್ದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ನಾನು ಮೊದಲು ಪಶ್ಚಿಮಕ್ಕೆ, ಆನೇಕಲ್ ಕಡೆಗೆ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯನ್ನು ಬೆನ್ನಿಗೆ ತೆಗೆದುಕೊಳ್ಳುತ್ತೇನೆ. ಮಾರ್ಗವನ್ನು ತಿರುಗುಮುರುಗು ಮಾಡುವ ಗುಂಡಿ ಬ್ರೌಟರ್‌ನಲ್ಲಿದೆ, ಆ ಮೂರು ತಿಂಗಳು ಅದನ್ನು ಬಹಳ ಒತ್ತುತ್ತೇನೆ.

ಮೂರೂ ಸೇವೆಗಳಿಗೆ ಸಮಾನವಾದ ಕೊರತೆ ಊರ ಹೆಸರುಗಳದು. ಇದನ್ನು ಗಡಿಯಲ್ಲಿ ಬದುಕುವವರು ಮಾತ್ರ ಪೂರ್ತಿ ಅನುಭವಿಸುತ್ತಾರೆ. ನಾವು ಡೆಂಕಣಿಕೋಟೆ ಎನ್ನುವ ಊರು ತಮಿಳಿನ ಬರಹದಲ್ಲಿ ತೇನ್‌ಕನಿಕ್ಕೋಟ್ಟೈ, ಇಂಗ್ಲಿಷಿನಲ್ಲಿ ಒಂದು ಫಲಕದಲ್ಲಿ ಡ ಅಕ್ಷರದಿಂದ, ಇನ್ನೊಂದರಲ್ಲಿ ಥ ಅಕ್ಷರದಿಂದ ಆರಂಭವಾಗುತ್ತದೆ. ಹವೆ ತಂಪಾಗಿದೆ ಎಂದು ಬ್ರಿಟಿಷರು ಪುಟ್ಟ ಇಂಗ್ಲೆಂಡ್ ಎಂದು ಕರೆದ ತಳಿಯ ಹೆಸರಿಗೆ ಇಂಗ್ಲಿಷಿನಲ್ಲಿ ಮೂರು ಬಗೆಯ ಕಾಗುಣಿತವಾದರೂ ಇದೆ. ನಮ್ಮ ಮನೆಗಳಲ್ಲಿ ಹಳ್ಳಿ ಎಂದು ಮುಗಿಯುವ ಊರು ತಮಿಳು ಫಲಕದಲ್ಲಿ ಪಳ್ಳಿ ಎಂದು ಮುಗಿಯುತ್ತದೆ. ದಾರಿ ಕೇಳಿದಾಗ ಹಿರಿಯರು ಹೇಳಿದ ಹೆಸರನ್ನು ಫೋನಿನಲ್ಲಿ ಹುಡುಕಿದರೆ ಸಿಗದೆ, ನಕ್ಷೆಯಲ್ಲಿ ಕಂಡ ಹೆಸರನ್ನು ಹಿರಿಯರಿಗೆ ಹೇಳಿದರೆ ತಿಳಿಯದೆ, ಎರಡು ಕಿಲೋಮೀಟರ್ ದೂರದ ಊರಿಗೆ ನಾನು ಹತ್ತು ನಿಮಿಷ ಮಾತಾಡಿ ದಾರಿ ತಿಳಿದುಕೊಂಡದ್ದಿದೆ.

ಕಲ್ಲು ಕ್ವಾರಿಗಳದು ಇನ್ನೊಂದು ತೊಂದರೆ. ಹೊಸೂರಿನ ಸುತ್ತ, ಮಾಲೂರು ಮತ್ತು ಆನೇಕಲ್ ಕಡೆಗೂ, ಕಲ್ಲು ಮತ್ತು ಜಲ್ಲಿ ಹೊತ್ತ ಟಿಪ್ಪರ್‌ಗಳು ಓಡುವ ರಸ್ತೆಗಳ ಡಾಂಬರು ಒಂದು ಮಳೆಗಾಲದಲ್ಲಿ ಕಿತ್ತುಹೋಗುತ್ತದೆ, ಆದರೆ ನಕ್ಷೆಯಲ್ಲಿ ವರ್ಷಗಟ್ಟಲೆ ಡಾಂಬರು ಎಂದೇ ಉಳಿದಿರುತ್ತದೆ. ಒಮ್ಮೆ ಒಂದು ಆಪ್ ತೋರಿಸಿದ ಹತ್ತಿರದ ದಾರಿಯನ್ನು ನಂಬಿ ಬಾಗಲೂರಿನಾಚೆ ಅಂಥ ರಸ್ತೆಗೆ ಇಳಿದು, ಕೂರಾದ ಜಲ್ಲಿಗೆ ಸಿಕ್ಕಿ ಹಿಂದಿನ ಟೈರಿನ ಪಕ್ಕೆಯೇ ಸೀಳಿತು. ಹಾಲಿನ ವ್ಯಾನಿನವರು ಸೈಕಲ್ಲನ್ನೂ ನನ್ನನ್ನೂ ಹತ್ತಿಸಿಕೊಂಡು ಹೊಸೂರಿಗೆ ಬಿಟ್ಟರು. ಆ ಮೇಲೆ 25 ಮಿ.ಮೀ. ಟೈರು ಬಿಟ್ಟು 28 ಮಿ.ಮೀ. ಹಾಕಿಕೊಂಡೆ, ಈ ಭಾಗದಲ್ಲಿ ತುಳಿಯುವವರೆಲ್ಲರಿಗೂ ಅದನ್ನೇ ಹೇಳುತ್ತೇನೆ. ಗೂಗಲ್‌ನ ಸ್ಟ್ರೀಟ್ ವ್ಯೂ 2022ರ ಜುಲೈನಲ್ಲಿ ಭಾರತಕ್ಕೆ ಬಂದ ಮೇಲೆ, ಅದು ಇರುವ ರಸ್ತೆಗಳ ಚಿತ್ರವನ್ನು ಮೊದಲೇ ನೋಡಬಹುದು. ಚಿತ್ರ ತೆಗೆದ ತಿಂಗಳು ಅದರಲ್ಲಿಯೇ ಬರೆದಿರುತ್ತದೆ, ಅದನ್ನು ಓದದೆ ಚಿತ್ರವನ್ನು ನಂಬಬಾರದು. ಅದಕ್ಕಿಂತ ನಾನು ಹೆಚ್ಚು ನಂಬುವುದು ಟೌನ್ ಬಸ್ಸನ್ನು. ದಿನಕ್ಕೆ ನಾಲ್ಕು ಸಲ ಸರ್ಕಾರಿ ಬಸ್ಸು ಹೋಗಿ ಬರುವ ಹಳ್ಳಿ ರಸ್ತೆ ಹದಗೆಟ್ಟರೆ ಊರವರು ಸುಮ್ಮನಿರುವುದಿಲ್ಲ, ಆದ್ದರಿಂದ ಅದು ಸಾಮಾನ್ಯವಾಗಿ ಸೈಕಲ್‌ಗೆ ಯೋಗ್ಯವಾಗಿಯೇ ಇರುತ್ತದೆ. ಹೊಸೂರು ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ಬಸ್ಸುಗಳ ಫಲಕ ಓದಿ, ಕಂಡಕ್ಟರುಗಳನ್ನು ವಿಚಾರಿಸಿ ಬಂದದ್ದು ಯಾವ ಚಂದಾ ಸೇವೆಯೂ ಕೊಡದಷ್ಟು ದಾರಿಗಳನ್ನು ನನಗೆ ಕೊಟ್ಟಿತು.

ಕೊಯ್ಲಿನ ಕಾಲದಲ್ಲಿ ರಾಗಿ, ಹುರುಳಿ ಸೊಪ್ಪನ್ನು ರಸ್ತೆಯ ಮೇಲೆ ಹಾಸಿ ವಾಹನಗಳಿಂದ ಒಕ್ಕಣೆ ಮಾಡಿಸುವುದು ಎರಡೂ ರಾಜ್ಯಗಳ ಕಡೆ ಇದೆ. ತೆಳ್ಳನೆಯ ಟೈರಿಗೆ ಅದು ಜಾರು, ಮತ್ತು ಕಾಂಡ ಗೇರಿನ ಚಕ್ರಗಳಿಗೆ ಸುತ್ತಿಕೊಳ್ಳುತ್ತದೆ. ಇಳಿದು, ಅಂಚಿನಲ್ಲಿ ತಳ್ಳಿಕೊಂಡು ಹೋಗಬೇಕು. ಅದು ಅವರ ಇಡೀ ವರ್ಷದ ಅನ್ನ.

ಹಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಈ ಭಾಗದಲ್ಲಿ ದಾರಿ ಹುಡುಕುವ ಉದ್ದೇಶಕ್ಕೆ ಮಾತ್ರ ಸ್ಟ್ರಾವಾ ಚಂದಾ ಕಟ್ಟುವ ಅಗತ್ಯವಿಲ್ಲ. ಉಚಿತ ಹೀಟ್‌ಮ್ಯಾಪ್ ನೋಡಿ, ಬ್ರೌಟರ್‌ನಲ್ಲಿ ಬೇಲಿಗಳೊಂದಿಗೆ ಮಾರ್ಗ ಬರೆದು, ಅದೇ ಮಾರ್ಗವನ್ನು ಕೊಮೂಟ್‌ನಲ್ಲಿ ಮೇಲ್ಮೈಗಾಗಿ ಒಮ್ಮೆ ಪರಿಶೀಲಿಸಿದರೆ ಸಾಕು. ತಿರುವು ತಿರುವಿಗೂ ಧ್ವನಿಯಲ್ಲಿ ದಾರಿ ಹೇಳಬೇಕು ಎನ್ನುವವರು ಕೊಮೂಟ್‌ಗೆ ಹಣ ಕೊಡಬಹುದು. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದ ಬಿಆರ್‌ಎಂ ಎಂಬ ದೂರದ ಸವಾರಿಗಳಿಗೆ ತಯಾರಾಗುವವರಿಗೆ ರೈಡ್ ವಿತ್ ಜಿಪಿಎಸ್ ಎಂಬ ಮಾರ್ಗ ಸೇವೆಯೂ ಪರಿಚಯವಿರಲಿ, ಉದ್ದ ಮಾರ್ಗಗಳನ್ನು ಬರೆಯಲು, ಹಂಚಿಕೊಳ್ಳಲು ಅದು ಸುಲಭ.

ಈ ವಿಧಾನದಿಂದ ನಾನು ಕಂಡುಕೊಂಡ ದಾರಿಗಳಲ್ಲಿ ಹೆಚ್ಚು ಸಲ ತುಳಿದದ್ದು ಹೊಸೂರಿನಿಂದ ಮತ್ತಿಗಿರಿ ಮೇಲೆ ಡೆಂಕಣಿಕೋಟೆ, ಅಲ್ಲಿಂದ ತಳಿ, ಅಲ್ಲಿಂದ ರಾಜ್ಯ ಗಡಿ ದಾಟಿ ಆನೇಕಲ್, ಮತ್ತೆ ಅತ್ತಿಬೆಲೆ ಮೇಲೆ ಹೊಸೂರು. ಒಟ್ಟು 80 ಕಿಲೋಮೀಟರಿನ ಆಸುಪಾಸು. ಡೆಂಕಣಿಕೋಟೆಯಲ್ಲಿ ಬೇಟೆರಾಯಸ್ವಾಮಿ ದೇವಸ್ಥಾನದ ಹತ್ತಿರ ಇಡ್ಲಿ ಸಿಗುತ್ತದೆ, ತಳಿಯ ನಂತರ ನೀರು ತುಂಬಿಸಿಕೊಳ್ಳಲು ಅಂಗಡಿಗಳು ವಿರಳ. ಬೆಂಗಳೂರಿನವರು ಆನೇಕಲ್‌ನಿಂದಲೇ ಈ ಸುತ್ತನ್ನು ಆರಂಭಿಸಬಹುದು. ಆನೆಗಳ ಕಾಲದಲ್ಲಿ ಬೆಳಿಗ್ಗೆ ಎಂಟರ ನಂತರ ಹೊರಟು, ತಳಿ ಭಾಗವನ್ನು ನಡುಹಗಲಿನಲ್ಲಿ ದಾಟಬೇಕು. ಬಿಸಿಲಾದರೂ ಚಳಿಗಾಲದ ಬಿಸಿಲು ತಡೆದುಕೊಳ್ಳುವಂಥದ್ದು.

ಓಪನ್‌ಸ್ಟ್ರೀಟ್‌ಮ್ಯಾಪನ್ನು ಯಾರು ಬೇಕಾದರೂ ತಿದ್ದಬಹುದು, ಮತ್ತು ಅಲ್ಲಿ ತಿದ್ದಿದ್ದು ಕ್ರಮೇಣ ಬ್ರೌಟರ್‌ಗೂ ಕೊಮೂಟ್‌ಗೂ ತಲುಪುತ್ತದೆ. ಈ ವರ್ಷ ನಾನು ತುಳಿದು ಬಂದ ರಸ್ತೆಗಳಿಗೆ ಡಾಂಬರು, ಕಚ್ಚಾ ಎಂಬ ಗುರುತುಗಳನ್ನು ಹಾಕುತ್ತಿದ್ದೇನೆ, ಜೊತೆಗೆ ನನಗೆ ಖಚಿತವಾಗಿ ಗೊತ್ತಿರುವ ಊರುಗಳಿಗೆ ಕನ್ನಡದ ಹೆಸರನ್ನು ಕನ್ನಡಕ್ಕೆಂದೇ ಇರುವ ಕಲಂನಲ್ಲಿ ಸೇರಿಸುತ್ತಿದ್ದೇನೆ. ತಮಿಳು ಹೆಸರು ಅದರ ಜಾಗದಲ್ಲಿಯೇ ಇರುತ್ತದೆ. ಕೆಲಮಂಗಲದವರೆಗೆ ಮುಗಿದಿದೆ. ಅಲ್ಲಿಂದ ರಾಯಕೋಟೆಯ ಕಡೆಗೆ ಹೋಗುವ ಹಳ್ಳಿ ರಸ್ತೆಗಳು ಬಾಕಿ ಇವೆ, ಮಳೆ ನಿಂತ ಮೊದಲ ಭಾನುವಾರ ಅವುಗಳನ್ನು ನೋಡಲು ಹೊರಡುತ್ತೇನೆ.